ಹೊಸಾ ಟೊಂಕ, ಹಳೇ ನಾಲಿಗಿ

ನಮ್ಮ ಓಣ್ಯಾಗ ನಗೋ ಪ್ರಸಂಗಕ್ಕ ಬರಗಾಲ ಅನ್ನೋದು ಬಂದೇ ಇಲ್ಲ. ಬಾಗಲಾ ಹಾಕ್ಕೊಂಡು ಕುಂತ್ರ ಕಿಡಕ್ಯಾಗ ಇಣಕ್ತಾವ, ಕಿಡಕಿ ಮುಚ್ಚಿದ್ರ ಫೋನಿನ್ಯಾಗ ಬರ್ತಾವ. ಆಳಂದದಾಗ ಈ ಒಂದೇ ಓಣ್ಯಾಗ ನಲವತ್ತು ವರ್ಷ ಬಾಳೇ ಮಾಡೀನಿ. ಯಾರ ಮನ್ಯಾಗ ಏನು ಬೆಂದದ, ಯಾರ ಮನ್ಯಾಗ ಏನು ಸೀದದ ಅಂತ ಕಟ್ಟಿ ಮ್ಯಾಲೆ ಕುಂತು ಮೂಗಿನಿಂದನ ಹೇಳಾಕಿ ನಾನು. ಈ ವರ್ಷ ದೇವರಿಗೆ ನನ್ನ ಬಾಯಿ ಮುಚ್ಚಿಸಬೇಕು ಅನ್ನಿಸಿರಬೇಕು. ಆದ್ರ ಬಾಯಿಗೆ ಕೈ ಹಾಕಾಕ ಅವನಿಗೂ ಧೈರ್ಯ ಸಾಲಲಿಲ್ಲ, ಟೊಂಕಕ್ಕ ಹಾಕಿದ. ಟೊಂಕದ ಕೀಲು ಮುರೀತು. ಅದನ್ನ ತಗದು ಹೊಸಾದು ಕೂಡಿಸಿದ್ರು. ಮುಂದ ಮೂರು ತಿಂಗಳು ಓಣಿ ಸುದ್ದಿ ಹೇಳಾಕಿ ನಾನೇ ಓಣಿಗೆ ಸುದ್ದಿ ಆದೆ.

ಬಕೆಟ್

ಹ್ಯಾಂಗ ಬಿದ್ರಿ ಅಂತ ಕೇಳಿದವರಿಗೆಲ್ಲಾ ತುಳಸಿಕಟ್ಟಿ ತೊಳೆಯೋವಾಗ ಕಾಲು ಜಾರಿತು ಅಂತ ಹೇಳೀನಿ. ಡಾಕ್ಟರೂ ಹಂಗ ಬರಕೊಂಡಾರ. ಪುಣ್ಯದ ಕೆಲಸ ಮಾಡ್ತಾ ಬಿದ್ದಾಕಿ ಅಂತ ನಾಕು ಮಂದಿ ಕಣ್ಣೀರೂ ಹಾಕಿದ್ರು.

ಖರೇ ಏನಂದ್ರ, ನಮ್ಮ ಹಿತ್ತಲ ಗ್ವಾಡಿ ಆಚೀಗೆ ಒಬ್ಬ ರಿಟೈರ್ ಆದ ಬಸ್ ಕಂಡಕ್ಟರ್, ಅವನ ಹೆಂಡ್ತಿ ಇಬ್ಬರೇ ಇರ್ತಾರ. ಮೂವತ್ತು ವರ್ಷದಾಗ ಆ ಮನ್ಯಾಗಿಂದ ಒಂದು ದೊಡ್ಡ ದನಿ ಕೇಳಿದ್ದಿಲ್ಲ ನಾನು. ಗಂಡ ಹೆಂಡ್ತಿ ಜಗಳಾ ಆಡಲಾರದ ಮನಿ ಅಂದ್ರ ನನಗ ಮೊದಲಿಂದ ಸಂಶೇ. ಆವತ್ತು ಮುಂಜಾನೆ ಜಗಳಾ ಸುರು ಆತು. ಗ್ವಾಡಿ ನನಗಿಂತ ಎತ್ತರ. ಬಕೆಟ್ ಬೋರಲು ಹಾಕಿ ಹತ್ತಿದೆ. ಅಕಿ ಅನ್ನಾಕತ್ತಿದ್ಳು, "ಬ್ಯಾಡ ಅಂದ್ರ ಕೇಳಂಗಿಲ್ಲೇನು ನೀವು, ಯಾರರೆ ನೋಡಿದ್ರ..." ಅಷ್ಟಕ್ಕ ಪ್ಲಾಸ್ಟಿಕ್ ಬಕೆಟ್ಟಿನ ತಳಾ ಹೋತು.

ಸೊಸಿ ಓಡಿ ಬಂದ್ಳು. ನಾ ನೆಲದ ಮ್ಯಾಲೆ ಬಿದ್ದೀನಿ, ಕಾಲು ಒಂದು ಕಡೆ ತಿರುಗ್ಯದ, ಜೀವ ಹೋಗಾಕತ್ತದ. ಎಲ್ಲಿ ಬ್ಯಾನಿ ಆಗ್ತದ ಅತ್ತಿ ಅಂತ ಅಕಿ ಕೇಳಿದ್ರ, "ಸುಮ್ಮನಿರ ಬೇ, ಅಕಿ ಮುಂದೇನಂದ್ಳು ಕೇಳು ಮೊದಲ" ಅಂದೆನಂತ. ಇದು ಸೊಸಿ ಹೇಳೋ ಮಾತು. ನಾ ಅಂದಿರಂಗಿಲ್ಲ ಅಂತ ಅನ್ನಾಕ ನನಗೂ ಬಾಯಿ ಇಲ್ಲ.

ಮಗ ಲಾರಿ ಓಡಸ್ತಾನ. ಖಜೂರಿ ದಾಟಿ ಮಹಾರಾಷ್ಟ್ರದಾಗ ಹೊಕ್ಕ ಅಂದ್ರ ಎಂಟು ದಿನ ಕೈಗೆ ಸಿಗಂಗಿಲ್ಲ. ಸೊಸೀನ ಗಾಡಿ ಮಾಡಿ ಸೊಲ್ಲಾಪುರಕ್ಕ ಕರಕೊಂಡು ಹೋದ್ಳು, ಅಕೀನ ಸಹಿ ಹಾಕಿದ್ಳು. ಡಾಕ್ಟರ ಮರಾಠಿ ಮನಷಾ, ಭಾಳ ಸಮಾಧಾನದಾಂವ. ಹೊಸಾ ಕೀಲು ಹಾಕ್ತೇವಿ ಆಜಿ, ಭಾಳ ವರ್ಷ ಬಾಳಿಕಿ ಬರ್ತದ ಅಂದ. ನನ್ನ ವಯಸ್ಸಿಗೆ ಲೆಕ್ಕ ಹಾಕಿ ನೋಡಿದೆ. ನಾ ಹೋದ ಮ್ಯಾಲೂ ಅದಕ್ಕ ಆಯುಷ್ಯ ಉಳೀತದಲ್ರಿ, ಅದನ್ನ ಯಾರ ಹೆಸರಿಗೆ ಬರೀಲಿ ಅಂತ ಕೇಳಿದೆ. ಪಾಪ, ಅಂವ ಸೊಸಿ ಮಾರಿ ನೋಡಿದ. ಸೊಸಿ ನೆಲಾ ನೋಡಿದ್ಳು.

ಕಣ್ಣು ಮುಚ್ಚಿ ಕೇಳಿದ್ದು

ಆಪರೇಷನ್ ಆಗಿ ಮೂರನೇ ದಿನ. ನಾ ಕಣ್ಣು ಮುಚ್ಚಿ ಮಲಗಿದ್ದೆ. ನಾ ಕಣ್ಣು ಮುಚ್ಚೀನಿ ಅಂದ್ರ ಕಿವಿ ತೆರದೀನಿ ಅಂತ ಅರ್ಥ, ಆದ್ರ ಎಂಟು ವರ್ಷ ನಮ್ಮ ಮನ್ಯಾಗ ಇದ್ರೂ ಸೊಸಿಗೆ ಅದು ಗೊತ್ತಾಗಿಲ್ಲ. ಬಾಗಲದಾಗ ನಿಂತು ಗಂಡಗ ಫೋನ್ ಮಾಡಾಕತ್ತಿದ್ಳು.

ಕಿಣ್ಣಿ ಸುಲ್ತಾನ ಊರಿನ ಸಾಲ್ಯಾಗ ಅಕಿಗೆ ಅತಿಥಿ ಶಿಕ್ಷಕಿ ಜಾಗಾ ಸಿಕ್ಕದಂತ. ಹೆಡ್ಮಾಸ್ತರು, ಸೂಟಿ ಮುಗದು ಸಾಲಿ ತೆರೆದ ದಿನ ನೀವು ಬರ್ಲಿಕ್ಕೇ ಬೇಕು, ಇಲ್ಲಾಂದ್ರ ಬ್ಯಾರೆಯವರಿಗೆ ಕೊಡ್ತೇವಿ ಅಂತ ಹೇಳ್ಯಾರಂತ. ಮಗ ಆ ಕಡೆಯಿಂದ ಏನಂದನೋ, ಇಕಿ ಅಂದ್ಳು, "ಅತ್ತಿ ತಾವೇ ಎದ್ದು, ತಾವೇ ಸಂಡಾಸಕ್ಕ ಹೋಗಿ ಬರೋತನಕ ನಾ ಹೊಸ್ತಿಲಾ ದಾಟಂಗಿಲ್ಲ. ಜಾಗಾ ಹೋದ್ರ ಹೋಗ್ಲಿ."

 ಎಂಟು ವರ್ಷದಿಂದ ಇದೇ ಸೊಸಿ ಬಗ್ಗೆ ಕಟ್ಟಿ ಮ್ಯಾಲೆ ನಾ ಏನೇನು ಹೇಳೀನಿ ಅಂತ ನನಗೇ ಗೊತ್ತು. ಕಲತ ಸೊಕ್ಕು ಅಂದೀನಿ. ನೌಕರಿ ಸಿಕ್ಕ ಮರುದಿನ ನಮ್ಮನ್ನ ಬಿಟ್ಟು ಹೋಗ್ತಾಳ ನೋಡ್ರಿ ಅಂದೀನಿ. ಈಗ ಇಕಿ ನನ್ನ ಸಲುವಾಗಿ ನೌಕರಿ ಬಿಟ್ಳು ಅಂದ್ರ ನಾ ಕಟ್ಟಿ ಮ್ಯಾಲೆ ಯಾವ ಮಾರಿ ಇಟ್ಕೊಂಡು ಕುಂದರ್ಲಿ? ಎಂಟು ವರ್ಷದ ನನ್ನ ಮಾತೆಲ್ಲಾ ಸುಳ್ಳಾಗಿ ಬಿಡ್ತದಲ್ಲ.

ಸಾಲಿ ತೆರೆಯೋದ್ರೊಳಗ ನಡದೇ ತೀರ್ಬೇಕು ಅಂತ ಅಲ್ಲೇ ಆಣಿ ಮಾಡಿದೆ. ಅಕಿ ಮ್ಯಾಲಿನ ಮಮಕಾರದಿಂದ ಅಲ್ಲ ಮತ್ತ. ನನ್ನ ಮಾತಿನ ಮರ್ಯಾದಿ ಸಲುವಾಗಿ.

ಎಲುಬಿನ ಜಾತಿ

ಮನಿಗೆ ಬಂದ ಮೊದಲನೇ ವಾರ ಓಣಿ ಹೆಂಗಸರೆಲ್ಲಾ ನೋಡಾಕ ಬಂದ್ರು. ಬಂದ್ರು, ಕುಂತ್ರು, ಆದ್ರ ಚಹಾ ಮುಟ್ಟಲಿಲ್ಲ. ಒಬ್ಬಾಕಿ ಈಗ ಕುಡದು ಬಂದೀನಿ ಅಂದ್ಳು, ಒಬ್ಬಾಕಿ ಉಪಾಸ ಅಂದ್ಳು, ಒಬ್ಬಾಕಿ ಚಹಾ ಬಿಟ್ಟೇ ಬಿಟ್ಟೀನಿ ಅಂದ್ಳು. ಆ ಮೂರನೇಯಾಕಿ ದಿನಕ್ಕ ಆರು ಸಲ ಕುಡಿಯಾಕಿ. ಇದರಾಗೇನೋ ಅದ ಅಂತ ನನಗ ವಾಸನಿ ಬಂತು.

ಎದುರು ಮನಿ ಖಾಲಾ ಬಂದು ಗಂಟು ಬಿಚ್ಚಿದ್ಳು. ಓಣಿಗೆಲ್ಲಾ ಅಕಿ ಖಾಲಾನೇ, ನಮ್ಮ ಮಾತಿನ್ಯಾಗ ಚಿಗವ್ವ. ನನ್ನ ವಾರಿಗಿಯಾಕಿ. ನಲವತ್ತು ವರ್ಷದಾಗ ನನ್ನ ಕೂಡ ಹದಿನಾಕು ಸಲ ಮಾತು ಬಿಟ್ಟು, ಹದಿನಾಕು ಸಲ ಹಿಡದಾಕಿ. ಖಾಟ್ ಮ್ಯಾಲೆ ಬಂದು ಕುಂತು ಸಾವಕಾಶ ಅಂದ್ಳು, "ನಿನ್ನ ಟೊಂಕದಾಗ ಕುರಿ ಎಲುಬು ಹಾಕ್ಯಾರಂತಲ್ಲ ಅಕ್ಕಾ. ಓಣಿ ತುಂಬ ಇದೇ ಮಾತದ."

ನಮ್ಮದು ಮೊಟ್ಟಿ ಸೈತ ಹೊಸ್ತಿಲಾ ದಾಟಲಾರದ ಮನಿ. ನನಗ ಮೈ ಉರದು ಹೋತು. ಇಂಥಾ ಹೊಲಸು ಸುದ್ದಿ ಹಬ್ಬಿಸಿದಾಕಿ ಯಾರು ಅಂತ ಪತ್ತೆ ಹಚ್ಚಾಕ ಕುಂತೆ. ಖಾಲಾಗ ಹೇಳಿದಾಕಿಗೆ ಫೋನ್ ಹಚ್ಚಿದೆ, ಅಕಿ ಹಿಟ್ಟಿನ ಗಿರಣಿಯಾಕಿ ಹೆಸರು ಹೇಳಿದ್ಳು. ಗಿರಣಿಯಾಕಿ ದರ್ಜಿ ಹೆಂಡ್ತಿ ಹೆಸರು ಹೇಳಿದ್ಳು. ದರ್ಜಿ ಹೆಂಡ್ತೀನ್ನ ಹಿಡದು ಝಾಡಿಸಿದೆ. ನಿನ್ನ ನಾಲಿಗಿಗೆ ಹುಳಾ ಬೀಳ್ಲಿ, ಎಲ್ಲಿಂದ ತಂದಿ ಈ ಮಾತು ಅಂದೆ. ಅಕಿ ಅಳೋ ದನ್ಯಾಗ, "ನೀವೇ ಹೇಳಿದ್ರಲ್ರಿ ಅಕ್ಕಾರ" ಅಂದ್ಳು.

ಆಪರೇಷನ್ ಆದ ದಿನ ಅಕಿ ಫೋನ್ ಮಾಡಿದ್ಳಂತ. ಅಮಲಿನ ಔಷಧ ಇನ್ನಾ ಇಳದಿದ್ದಿಲ್ಲ. ಹ್ಯಾಂಗದೀರಿ ಅಂದ್ರ ನಾ, "ಹೊಸಾ ಎಲುಬು ಹಾಕ್ಯಾರ, ಕುರೀದೋ ಕೋಣಂದೋ ಆ ಡಾಕ್ಟರಗೇ ಗೊತ್ತು" ಅಂದೆನಂತ. ಎಚ್ಚರ ಇಲ್ಲದಾಗೂ ನಾ ಸುದ್ದಿ ಹುಟ್ಟಸ್ತೇನಿ ಅಂತ ಆವತ್ತು ತಿಳೀತು.

ಆಮ್ಯಾಲೆ ಸೊಸಿ ಒಂದು ಉಪಾಯ ಮಾಡಿದ್ಳು. ಹೆಂಗಸರನ್ನೆಲ್ಲಾ ಕರದು, ಎಕ್ಸ್‌ರೇ ಕಿಡಕಿ ಬೆಳಕಿಗೆ ಹಿಡದು, ಇದು ಲೋಹದ ಗುಂಡು, ಇದು ಲೋಹದ ಕಡ್ಡಿ ಅಂತ ಪಾಠ ಹೇಳಿದಂಗ ಹೇಳಿದ್ಳು. ಯಾರೂ ನಂಬಲಿಲ್ಲ. ಬುಕ್ಕಿನ ಮಾತು ಅಂದ್ರ ನಮ್ಮ ಓಣಿಗೆ ಹಂಗ. ಕಡೀಕೆ ಖಾಲಾ ಎದ್ದು ಬಂದು, ಚಸ್ಮಾ ಏರಿಸಿ, ಎಕ್ಸ್‌ರೇ ತಿರುಗಿಸಿ ಮುರುಗಿಸಿ ನೋಡಿದ್ಳು. "ಬಕ್ರೀದಿಗೆ ಬಕ್ರೀದಿಗೆ ಎಷ್ಟು ಎಲುಬು ನೋಡೇನಿ ನಾನು. ಇದು ಕುರೀದಲ್ಲ, ಕೋಣಂದಲ್ಲ. ಚಹಾ ಕುಡೀರಿ ಎಲ್ಲರೂ" ಅಂದ್ಳು.

ಎಲ್ಲರೂ ಕುಡದ್ರು. ನಮ್ಮ ಮನಿ ಮಡಿಗೆ ಸರ್ಟಿಫಿಕೇಟ್ ಕೊಟ್ಟಾಕಿ ಖಾಲಾ.

ಏಳಾದ ಮ್ಯಾಲೆ ಹತ್ತು

ಡಾಕ್ಟರ ಹೇಳಿದ್ದನ್ನೆಲ್ಲಾ ಸೊಸಿ ದೊಡ್ಡ ಅಕ್ಷರದಾಗ ಬರದು ನನ್ನ ಖಾಟಿನ ಎದುರಿಗೆ ಹಚ್ಚಿದ್ಳು. ನೆಲಕ್ಕ ಕುಂದರಬಾರದು. ಕಾಲ ಮ್ಯಾಲೆ ಕಾಲು ಹಾಕಬಾರದು. ಕೆಳಗ ಬಿದ್ದದ್ದು ಎತ್ತಾಕ ಬಗ್ಗಬಾರದು. ಮಲಗಿದಾಗ ಎರಡು ಕಾಲಿನ ನಡುವ ದಿಂಬು ಇರಬೇಕು. ನಾ ಮೂರನೇತ್ತ ಸಾಲಿ ಕಲತಾಕಿ, ಎಲ್ಲಾ ಓದಿ ಮುಗಿಸಾಕ ಒಂದು ವಾರ ಹಿಡೀತು. ಓದಿದ ಮ್ಯಾಲೆ, ಬಾಯಿ ಮುಚ್ಚಬೇಕು ಅಂತ ಎಲ್ಲೂ ಬರದಿಲ್ಲ ನೋಡು ಬೇ ಅಂದೆ. ಜಾಗಾ ಸಾಲಲಿಲ್ರಿ ಅಂದ್ಳು.

ದಿನಾ ಮುಂಜಾನೆ ಸಂಜಿಕ ವ್ಯಾಯಾಮ. ಮಲಗಿದಲ್ಲೇ ಹಿಮ್ಮಡ ಎಳೀಬೇಕು, ಕಾಲು ಎತ್ತಿ ಹಿಡೀಬೇಕು, ವಾಕರ್ ಹಿಡದು ಪಡಸಾಲ್ಯಾಗ ಆಕಡೆ ಈಕಡೆ ನಡೀಬೇಕು. ಎಣಿಸೋದು ನಾನು, ಒಲಿ ಮುಂದ ರೊಟ್ಟಿ ಬಡಕೋತ ಕೇಳೋದು ಅಕಿ. ಬ್ಯಾನಿ ತಡೀಲಾರದ ದಿನ ನಾ ಒಂದೆರಡು ನುಂಗ್ತಿದ್ದೆ. ರೊಟ್ಟಿ ಬಡಿಯೋ ಸಪ್ಪಳಾ ಗಪ್ಪ ನಿಲ್ತಿತ್ತು. "ಅತ್ತಿ, ಏಳಾದ ಮ್ಯಾಲೆ ಹತ್ತು ಬರಂಗಿಲ್ರಿ." ನಮ್ಮ ಕಾಲದ ಸಾಲ್ಯಾಗ ಬರ್ತಿತ್ತು ಅಂದ್ರೂ ಕೇಳ್ತಿದ್ದಿಲ್ಲ, ಮತ್ತ ಒಂದರಿಂದ ಸುರು ಮಾಡಸ್ತಿದ್ಳು. ಕ್ಯಾಲೆಂಡರಿನ ಮ್ಯಾಲೆ ದಿನಾ ನನಗ ನಂಬರ್ ಬ್ಯಾರೆ ಹಾಕಾಕಿ. ಒಂದು ದಿನ 'ಸಾಧಾರಣ' ಅಂತ ಬರದಿದ್ಳು. ನಾ ಎರಡು ಹೊತ್ತು ಊಟ ಬಿಟ್ಟೆ. ಮರುದಿನ ಅದರ ಮುಂದ 'ಸಿಟ್ಟು ಉತ್ತಮ' ಅಂತ ಸೇರಿಸಿದ್ಳು.

ಬಗ್ಗಾಕ ಬರದಿದ್ದಕ್ಕ ನನ್ನ ಕಾಲಿಗೆ ಚಪ್ಪಲಿ ಹಾಕೋದೂ ಅಕೀದೇ ಕೆಲಸ. ದಿನಕ್ಕ ನಾಕು ಸಲ ನನ್ನ ಪಾದದ ಮುಂದ ಕುಂತು, ಪಾದ ಕೈಯಾಗ ಹಿಡದು, ಹಗೂರಕ ಒಳಗ ತೂರಸಾಕಿ. ಒಂದು ದಿನ ನಾ ಸುಮ್ಮನ ಕೆಣಕಿದೆ. ಹಬ್ಬ ಹುಣ್ಣವಿಗೆ ನಮಸ್ಕಾರ ಮಾಡೋವಾಗೂ ಇಷ್ಟು ಬಗ್ಗಿದ್ದಿಲ್ಲ ಬೇ ನೀ ಅಂದೆ.

ಅಕಿ ತಲಿ ಎತ್ತಲಿಲ್ಲ. "ಬಗ್ತಿದ್ದೆ ಅತ್ತಿ. ನಾ ಬಗ್ಗೋದ್ರೊಳಗ ನೀವು ಕಾಲು ಹಿಂದಕ್ಕ ತಗೋತಿದ್ರಿ."

ಅದು ಖರೇ ಇತ್ತು. ಮದುವಿ ವರ್ಷದ್ದು ಏನೋ ಒಂದು ಸಿಟ್ಟು. ಯಾಕಂತ ಈಗ ನೆನಪೂ ಇಲ್ಲ. ಕಾಲು ಮಾತ್ರ ವರ್ಷಾ ವರ್ಷಾ ಹಿಂದಕ್ಕ ಹೋಗ್ತಿತ್ತು.  

ಅಕಿ ಚಪ್ಪಲಿ ಹಾಕಿ ಮುಗಿಸಿ, ಎದ್ದು ಸೆರಗು ಝಾಡಿಸಿ, ಗ್ವಾಡಿಗೆ ಹಚ್ಚಿದ ಕಾಗದ ತೋರಿಸಿ ಅಂದ್ಳು, "ಈಗ ತಗೋಳಾಕ ಬರಂಗಿಲ್ರಿ. ಕಾಲು ಜಗ್ಗಬ್ಯಾಡ್ರಿ ಅಂತ ಡಾಕ್ಟರ ಹೇಳ್ಯಾರ."

ಎತ್ತರದ ಕುರ್ಚಿ

ತಗ್ಗಿನ ಕುರ್ಚ್ಯಾಗ ಕುಂತ್ರ ಕೀಲು ಜಾರ್ತದಂತ. ಅದಕ್ಕ ಮಗ ಬಡಿಗ್ಯಾನ ಕರಿಸಿ ಒಂದು ಕುರ್ಚಿ ಕಾಲಿಗೆ ಕಟಗಿ ಜೋಡಿಸಿ ಎತ್ತರ ಮಾಡಿಸಿದ. ಗಾಳಿ ಆಡ್ತದ ಅಂತ ಅದನ್ನ ಹಿತ್ತಲ ಬಾಗಲ ಮುಂದಿನ ಎತ್ತರದ ಕಟ್ಟಿ ಮ್ಯಾಲೆ ಹಾಕಿದ್ರು. ನಾ ವಾಕರ್ ಹಿಡದು ಹೋಗಿ ಅದರ ಮ್ಯಾಲೆ ಕುಂತೆ. ಕುಂತು ಕಣ್ಣು ಎತ್ತಿದ್ರ, ಗ್ವಾಡಿ ಆಚೆ ಕಂಡಕ್ಟರನ ಹಿತ್ತಲ ಬೇಲಿಯಿಂದ ಬಾಗಲಾ ತನಕ ಅಂಗೈಯಾಗ ಇದ್ದಂಗ ಕಾಣಾಕತ್ತು. ಯಾವುದು ನೋಡಾಕ ಹೋಗಿ ಎಲುಬು ಮುರಕೊಂಡ್ನೋ, ಅದನ್ನ ಡಾಕ್ಟರ ಔಷಧ ಅಂತ ಬರಕೊಟ್ಟಿದ್ದ.

ಎರಡನೇ ದಿನ ಮಧ್ಯಾಹ್ನ. ಓಣಿ ಎಲ್ಲಾ ಉಂಡು ಮಲಗ್ಯದ. ಕಂಡಕ್ಟರ ಬಗಲಾಗ ಒಂದು ಗಂಟು ಇಟ್ಕೊಂಡು, ಆಚೆ ಈಚೆ ನೋಡಿ, ದನದ ಕೊಟ್ಟಿಗಿಯೊಳಗ ಹೊಕ್ಕ. ಅವರ ಮನ್ಯಾಗ ದನಾ ಹೋಗಿ ಹತ್ತು ವರ್ಷ ಆತು. ಗಂಟಿನ್ಯಾಗಿಂದ ಹಸರು ಸೀರಿ ಚುಂಗು ಇಣಕ್ತಿತ್ತು. ಅರ್ಧಾ ತಾಸಿಗೆ ಹೊರಗ ಬಂದ, ಧೋತರ ನೆನದದ, ಕೈ ಬರಿ. ನಾಕು ದಿನಾ ಹಿಂಗ. ದಿನಕ್ಕೊಂದು ಬಣ್ಣದ ಸೀರಿ.

ನನಗ ಹೊಸಾ ಟೊಂಕ ಹಾಕಿದಾಗ ಆಗದ ಆರಾಮ ಆವತ್ತು ಆತು. ಈ ವಯಸ್ಸಿನ್ಯಾಗ, ಆ ಕೊಟ್ಟಿಗ್ಯಾಗ, ಯಾವ ಸೀರಿಯಾಕಿ ಅಂತ ತಿಳ್ಕೋಬೇಕಲ್ಲ. ಖಾಲಾನ್ನ ಕಳಿಸಿದೆ. ಮೊಸರಿಗೆ ಹೆಪ್ಪು ಕೇಳೋ ನೆವಾ ಮಾಡಿ ಹಿಂದಿನ ಬಾಗಲದಿಂದ ಹೋದ್ಳು. ತಿರುಗಿ ಬಂದ್ಳು. ಯಾರು ಅಂದೆ. ಯಾರೂ ಇಲ್ಲ ಅಂದ್ಳು. ಅಂವ ಒಬ್ಬನ ಕುಂತು ಹೆಂಡ್ತಿ ಸೀರಿ ಒಗ್ಯಾಕತ್ತಿದ್ದನಂತ. ಅಕಿಗೆ ಕೈಗಂಟು ಬಾತು ಹಿಂಡಾಕ ಬರಂಗಿಲ್ಲ. ಮಂದಿ ನೋಡಿದ್ರ ನಿಮಗ ನಗ್ತಾರ, ಬ್ಯಾಡ ಅಂತ ಅಕಿ ಜಗಳಾ ತಗದಾಳ. ಅದಕ್ಕ ಅಂವ ಕೊಟ್ಟಿಗ್ಯಾಗ ಕದ್ದು ಒಗದು ಅಲ್ಲೇ ಒಳಗ ಒಣ ಹಾಕ್ತಾನ.

 ಖಾಲಾನ ಗಂಡನೂ ಇಲ್ಲ, ನನ್ನ ಗಂಡನೂ ಇಲ್ಲ. ಇದ್ದಾಗ ಇಬ್ಬರೂ ತಮ್ಮ ಟವೆಲ್ ಸೈತ ತಾವು ಹಿಂಡಿಕೊಂಡವರಲ್ಲ. ಇದನ್ನ ಯಾರ ಮುಂದೂ ಆಡೋದು ಬ್ಯಾಡ ಅಂತ ಅಲ್ಲಾನ ಮ್ಯಾಲೆ ಅಕಿ, ಭಾಗ್ಯವಂತಿ ತಾಯಿ ಮ್ಯಾಲೆ ನಾನು ಆಣಿ ಹಾಕಿದ್ವಿ.

ಆಣಿ ನಾ ಮುರದಿಲ್ಲ. ಮುಂದಿನ ವಾರ ಓಣ್ಯಾಗ ಮೂರು ಮನಿ ಹೆಂಗಸರು ಗಂಡಂದಿರ ಕೈಯಾಗ ಒಗ್ಯಾಕ ಸೀರಿ ಕೊಟ್ಟು ಕೂಡಿಸಿದ್ರಂತ. ಆ ಮೂವರೂ ಗಂಡಸರು ಈಗ ನನ್ನ ಕೂಡ ಮಾತು ಬಿಟ್ಟಾರ. ಖಾಲಾನ್ನ ಕೇಳಿದ್ರ, ನಾ ಹೇಳಿಲ್ಲವ್ವ ಅಂತಾಳ. ಹಂಗಾದ್ರ ಗ್ವಾಡಿ ಹೇಳಿರಬೇಕು.

ಹರಕಿ

ಅಫಜಲಪುರದ ನಮ್ಮ ನಾದಿನಿ ಭಾಳ ಭಕ್ತಿಯಾಕಿ. ನಾ ಆಪರೇಷನ್ ಟೇಬಲ್ ಮ್ಯಾಲೆ ಇದ್ದಾಗ ಇಕಿ ಘತ್ತರಗಿ ಭಾಗ್ಯವಂತಿಗೆ ಹರಕಿ ಹೊತ್ತಾಳ. ನೋಡಾಕ ಬಂದಾಗ ಕಣ್ಣೀರು ಒರಸ್ಕೋತ ಹೇಳಿದ್ಳು. ವೈನಿ ಗಂಡಾಂತರದಿಂದ ಪಾರಾದ್ರ ಭೀಮಾ ಹೊಳ್ಯಾಗ ಜಳಕಾ ಮಾಡಿ, ಒದ್ದಿ ಸೀರಿ ಮ್ಯಾಲೆ ಗುಡಿ ತನಕ ದೀಡ್ ನಮಸ್ಕಾರ ಹಾಕ್ತಾರ ಅಂತ ಬೇಡ್ಕೊಂಡಾಳಂತ.

ಹಾಕ್ತಾರ. ಹಾಕ್ತೇನಿ ಅಲ್ಲ.

ಹೆಜ್ಜಿಗೊಮ್ಮೆ ಅಡ್ಡ ಬಿದ್ದು, ಎದ್ದು, ಮತ್ತ ಬೀಳಬೇಕು. ನೆಲದ ಮ್ಯಾಲೆ ಬಿದ್ದ ಚಮಚ ಎತ್ತಾಕ ಅಪ್ಪಣಿ ಇಲ್ಲದಾಕಿ ನಾನು. ಸೊಸಿ ಗ್ವಾಡಿ ಮ್ಯಾಲಿನ ಕಾಗದ ಪೂರಾ ಓದಿ ಹೇಳಿದ್ಳು. ನಾದಿನಿಗೆ ದಿಗಿಲು ಬಿತ್ತು. ಹರಕಿ ತೀರಿಸದಿದ್ರ ತಾಯಿ ಸಿಟ್ಟಾಗ್ತಾಳ, ಈಗೇನು ಮಾಡೋದು ವೈನಿ ಅಂದ್ಳು.

ಏನು ಮಾಡೋದು, ಡಾಕ್ಟರೂ ಬ್ಯಾಡ ಅಂದಾರ, ದೇವಿಗೂ ಮಾತು ಕೊಟ್ಟದ್ದಾಗ್ಯದ, ಮಾತು ಕೊಟ್ಟ ಬಾಯಿ ಯಾರದೋ, ಟೊಂಕಾನೂ ಅವರದೇ ಇರಬೇಕು ಅಂದೆ. ಈಗ ಅಮಾಸಿಗೆ ಅಮಾಸಿಗೆ ನಾದಿನಿ ಸ್ವಲ್ಪ ಸ್ವಲ್ಪ ಹಾಕಿ ತೀರಸಾಕತ್ತಾಳ. ಫೋನ್ ಮಾಡಿದಾಗ ಟೊಂಕ ನೋಯ್ತದ ವೈನಿ ಅಂತಾಳ. ಸೊಲ್ಲಾಪುರದಾಗ ಛಲೋ ಡಾಕ್ಟರ ಇದ್ದಾನ, ಹರಕಿ ನಾ ಹೊರ್ತೇನಿ ಅಂತ ಧೈರ್ಯ ಹೇಳೀನಿ.

ಬೀಗರು

ಸಾಲಿ ತೆರೆಯಾಕ ಇನ್ನಾ ನಾಕು ದಿನಾ ಇದ್ವು. ವಾಕರ್ ಹಿಡದು ನಾ ಮನಿ ಒಳಗ ಎಲ್ಲಾ ತಿರುಗ್ತಿದ್ದೆ. ಆದ್ರ ಒಂದು ಮೂಲಿ ಬಗ್ಗೆ ನಾ ಇಲ್ಲೀತನಕ ಬಾಯಿ ಬಿಟ್ಟಿಲ್ಲ. ನಮ್ಮ ಹಿತ್ತಲ ಸಂಡಾಸ ಕುಕ್ಕರಗಾಲಿನ್ಯಾಗ ಕುಂದರೋದು. ಅದು ನನಗ ಇನ್ನು ಮುಂದ ಕೂಡದು ಅಂತ ಡಾಕ್ಟರ ಖಡಾಖಂಡಿತ ಹೇಳಿದ್ದಕ್ಕ, ಸೊಸಿ ಮೊದಲನೇ ವಾರವೇ ಒಂದು ಸಂಡಾಸ ಕುರ್ಚಿ ತಂದಿದ್ಳು. ನಡುವ ತೂತು, ಕೆಳಗ ಡಬ್ಬಿ, ಮ್ಯಾಲೆ ಮೆತ್ತನ್ನ ಮುಚ್ಚಳ. ಡಬ್ಬಿ ತಗದು ತೊಳೆಯೋದು ಸೊಸಿ ಕೆಲಸ. ಅದರ ಬಗ್ಗೆ ಅಕಿ ಒಂದು ದಿನ ಮೂಗು ಮುರೀಲಿಲ್ಲ, ನಾ ಒಂದು ದಿನ ಅಕಿ ಮಾರಿ ನೋಡಲಿಲ್ಲ. ಬಂದವರಿಗೆ ತಿಳೀಬಾರದು ಅಂತ ನಾನೇ ಅದಕ್ಕ ಮದುವಿ ಕಾಲದ ಕಸೂತಿ ಚಾದರ ಹೊಚ್ಚಿ, ಪಡಸಾಲಿ ಮೂಲ್ಯಾಗ ಇಡಿಸಿದ್ದೆ. ಹಂಗಾಗಿ ಮನ್ಯಾಗಿನ ಕುರ್ಚಿ ಒಳಗೆಲ್ಲಾ ಅದೇ ಛಂದ ಕಾಣ್ತಿತ್ತು.

ಆವತ್ತು ಸೊಸಿ ಜ್ವಾಳದ ಡಬ್ಬಿ ಹೊತ್ಕೊಂಡು ಗಿರಣಿಗೆ ಹೋಗಿದ್ಳು. ಕರೆಂಟ್ ಹೋಗಿ ಅಲ್ಲೇ ಕುಂತಾಳ. ಇತ್ತ ಜೇವರ್ಗಿ ಕಡೆಯಿಂದ ಬೀಗರು ಬಂದ್ರು. ಸೊಸಿ ಅಪ್ಪ. ಭಾಳ ಮಡಿ ಮನಷಾ. ಬಸ್ಸಿನ್ಯಾಗ ಮಂದಿಗೆ ಮೈ ತಾಕಿದ್ರ ಊರಿಗೆ ಹೋಗಿ ಜಳಕಾ ಮಾಡಾಂವ. ಬಿಳಿ ಧೋತರ, ಬಿಳಿ ಅಂಗಿ, ಹೆಗಲ ಮ್ಯಾಲೆ ಮಡಚಿದ ವಲ್ಲಿ. ಒಳಗ ಬಂದವರೇ ಆಕಡೆ ಈಕಡೆ ನೋಡಿದ್ರು. ಎಲ್ಲಾ ಬಿಟ್ಟು ಕಸೂತಿ ಚಾದರ ಹೊಚ್ಚಿದ ಕುರ್ಚಿಗೆ ಹೋಗಿ ಕುಂತ್ರು. ಬ್ಯಾಡ್ರಿ ಅನ್ನೋದ್ರೊಳಗ ಕುಂತೇ ಬಿಟ್ಟಿದ್ರು.

ಕುಂತ ಬೀಗರನ್ನ ಏಳ್ರಿ ಅನ್ನಾಕ ಬರ್ತದೇನ್ರಿ ನಮ್ಮ ಕಡೆ? ಮೂರು ತಲಿಮಾರು ಮಾತು ನಿಲ್ತಾವ. ಅದು ಎಂಥಾ ಕುರ್ಚಿ ಅಂತ ಹೇಳಿದ್ರಂತೂ ಆ ಮನಷಾ ಹೊಳಿಗೆ ಹೋಗಿ ಒಂದು ವಾರ ಹೊರಗ ಬರ್ತಿದ್ದಿಲ್ಲ, ಸೊಸಿಗೆ ತವರಮನ್ಯಾಗ ತಲಿ ಎತ್ತಾಕ ಆಗ್ತಿದ್ದಿಲ್ಲ. ಮೊದಲಿನ ನಾನಾಗಿದ್ರ ಹೇಳೇ ಬಿಡ್ತಿದ್ನೇನೋ. ಇಂಥಾ ಸುದ್ದಿ ಜನ್ಮಕ್ಕ ಒಂದು ಸಲ ಸಿಗ್ತದ.

ಬೀಗರು ಮಾತು ಸುರು ಮಾಡಿದ್ರು. ಮಳಿ, ತೊಗರಿ, ಬಸ್ಸಿನ ರಶ್ಶು. ಅವರು ಏನೋ ಕೇಳಾಕ ಬಂದಾರ, ಸುತ್ತು ಹಾಕಾಕತ್ತಾರ ಅಂತ ನನಗ ತಿಳೀತು. ಅಷ್ಟೊತ್ತಿಗೆ ನನಗ ಬ್ಯಾರೆ ಒಂದು ತಿಳೀತು. ಮುಂಜಾನೆ ಕುಡದ ಎರಡು ವಾಟಿ ಮಜ್ಜಿಗಿ ತನ್ನ ಕೆಲಸ ಸುರು ಮಾಡಿತ್ತು. ಕುರ್ಚಿ ಬೀಗರ ಕೆಳಗದ. ಹಿತ್ತಲಿಂದು ನನಗ ಆಗಂಗಿಲ್ಲ. ಸೊಸಿ ಗಿರಣ್ಯಾಗ. ಬೀಗರು ತೊಗರಿ ಬಿಟ್ಟು ಹತ್ತಿಗೆ ಬಂದ್ರು.

ಖಾಲಾನ ಮನ್ಯಾಗ ಕಮೋಡ್ ಅದ. ಅಕಿ ಅತ್ತಿ ಮಂಚ ಹಿಡದಾಗ ಕಟ್ಟಿಸಿದ್ದು. ನಮ್ಮ ಮೂರು ಪಾವಟಿಗಿ ಇಳದು, ಓಣಿ ದಾಟಿ, ಅಕಿ ಎರಡು ಪಾವಟಿಗಿ ಹತ್ತಬೇಕು. ಅಲ್ಲೀತನಕ ನಾ ಸೊಸಿ ಕೈ ಬಿಟ್ಟು ಒಂದು ಪಾವಟಿಗಿ ಸೈತ ಇಳದಾಕಿ ಅಲ್ಲ.

ಖಾಲಾನ್ನ ಒಂಚೂರು ಮಾತಾಡಿಸಿ ಬರ್ತೇನ್ರಿ, ಕುಂತಿರ್ರಿ ಅಂತ ಹೇಳಿ ಎದ್ದೆ. ಬಾಗಲಿಗೆ ಬಂದು ನಿಂತೆ. ಕೆಳಗ ನೋಡಿದ್ರ ಪಾವಟಿಗಿ ಮೂರಲ್ಲ, ಮೂವತ್ತು ಕಂಡ್ವು. ಇಳಿವಾಗ ಆಪರೇಷನ್ ಕಾಲು ಮುಂದ, ಹತ್ತುವಾಗ ಛಲೋ ಕಾಲು ಮುಂದ ಅಂತ ಸೊಸಿ ಹೇಳಿಕೊಟ್ಟಿದ್ಳು. ವಾಕರ್ ಕೆಳಗಿಟ್ಟೆ, ಕಾಲಿಟ್ಟೆ. ಒಂದು ಕೈ ಗ್ವಾಡಿಗೆ. ಒಂದು. ಎರಡು. ಈ ಸಲ ಒಂದೂ ನುಂಗದ ಎಣಿಸಿದೆ. ಓಣ್ಯಾಗ ಇಳದಾಗ ಸೀರಿ ಬೆವರಿನಿಂದ ತೊಯ್ದಿತ್ತು. ಯಾರು ನೋಡ್ತಾರ, ಯಾರು ಏನಂತಾರ ಅಂತ ನನ್ನ ಜನ್ಮದಾಗ ಮೊದಲನೇ ಸಲ ನಾ ತಿರುಗಿ ನೋಡಲಿಲ್ಲ.

ಖಾಲಾ ಬಾಗಲಾ ತಗದ್ಳು. ನನ್ನ ಮಾರಿ ನೋಡಿದ್ಳು, ಸರದು ದಾರಿ ಬಿಟ್ಳು. ಹದಿನಾಕು ಸಲ ಮಾತು ಬಿಟ್ಟಿದ್ರೂ ಗೆಳತಿ ಅಂದ್ರ ಇಕಿ.

ತಿರುಗಿ ಬರೋವಾಗ ನಾ ರಾಣಿ ಆಗಿದ್ದೆ. ಸಾವಕಾಶ ಓಣಿ ನಡುವ ನಡಕೋತ ಬಂದೆ. ಓಣಿ ಹೆಂಗಸರು ಬಾಗಲದಾಗ ಬಾಗಲದಾಗ ನಿಂತಿದ್ರು, ಯಾರೂ ಪಿಟ್ಟ ಅನ್ನಲಿಲ್ಲ. ಯಾಕ ಅನ್ನೋದು ನಮ್ಮ ಪಾವಟಿಗಿ ಹತ್ತಿ ತಿರುಗಿದಾಗ ತಿಳೀತು. ಹಿಂದ ಹತ್ತು ಹೆಜ್ಜಿ ದೂರ ಸೊಸಿ ಬರಾಕತ್ತಿದ್ಳು. ಟೊಂಕದ ಮ್ಯಾಲೆ ಹಿಟ್ಟಿನ ಡಬ್ಬಿ, ಒಂದು ಬೆರಳು ತುಟಿ ಮ್ಯಾಲೆ. ಕೂಗಿದ್ರ ನಾ ಅಂಜಿ ಬಿದ್ದೇನು ಅಂತ, ಓಣಿಗೆಲ್ಲಾ ಸುಮ್ಮನಿರ್ರಿ ಅಂತ ಸನ್ನಿ ಮಾಡ್ಕೋತ, ಚಪ್ಪಲಿ ಕೈಯಾಗ ಹಿಡದು ಸಪ್ಪಳಾ ಇಲ್ಲದಂಗ ನನ್ನ ಹಿಂದ ನಡದು ಬಂದಿದ್ಳು. ಕಣ್ಣು ತುಂಬಿದ್ವು. ಅಳಬ್ಯಾಡ, ಹಿಟ್ಟು ನೆನೀತದ ಅಂದೆ.

ಒಳಗ ಬೀಗರು ಇನ್ನಾ ಅಲ್ಲೇ ಇದ್ರು. ಮಗಳ್ನ ನೋಡಿ ಗಂಟಲಾ ಸರಿ ಮಾಡ್ಕೊಂಡು, ಬಂದ ಕಾರಣ ಹೇಳಿದ್ರು. "ಅಕ್ಕಾರ, ನಾ ಕೈ ಮುಗದು ಕೇಳ್ತೇನಿ. ನಮ್ಮ ಹುಡುಗಿ ಭಾಳ ಕಷ್ಟಪಟ್ಟು ಕಲತಾಳ. ನಿಮ್ಮ ಬಾಯಿಗೆ ಅಂಜಿ ಬ್ಯಾಡ ಅನ್ನಾಕತ್ತಾಳ. ಅಕೀನ್ನ ಸಾಲಿಗೆ ಕಳಸ್ರಿ."

ನನ್ನ ಬಾಯಿ ಜೇವರ್ಗಿ ತನಕ ಹೆಸರು ಮಾಡಿತ್ತು ಅಂತ ಆವತ್ತು ತಿಳೀತು. ಅಕೀನ ಕೇಳ್ರಿ ಬೀಗರ ಅಂದೆ.

"ಹೋಗ್ತೇನಿ ಅಪ್ಪಾ" ಅಂದ್ಳು ಸೊಸಿ. "ಅತ್ತಿ ತಾವೇ ಹೋಗಿ ಬಂದ್ರು."

"ಎಲ್ಲಿಗೆ?" ಅಂದ್ರು ಬೀಗರು.

ಆವಾಗ ಸೊಸಿ ಕಣ್ಣು ಅಪ್ಪ ಕುಂತ ಕುರ್ಚಿ ಮ್ಯಾಲೆ ಬಿತ್ತು. ಹಿಟ್ಟಿನ ಡಬ್ಬಿ ಕೈ ಜಾರಿತು. ನಾ ಅಕಿ ಮಾರಿ ನೋಡಲಿಲ್ಲ. ನೋಡಿದ್ರ ಇಬ್ಬರ ಕತಿನೂ ಮುಗೀತಿತ್ತು. ಖಾಲಾನ ಮನಿಗೆ ಬೀಗರ ಅಂದೆ.

ಬೀಗರಿಗೆ ಸಂತೋಷ ಆಗಿ ಎದಿ ಉಬ್ಬಿತು. ತಮ್ಮ ಒಂದು ಮಾತಿಗೆ ಇಂಥಾ ಬೀಗತಿ ಒಪ್ಪಿದ್ಳು ಅಂತ. ಎದ್ದು, ಕುರ್ಚಿ ಕೈ ಮ್ಯಾಲೆ ಎರಡು ಸಲ ತಟ್ಟಿ ಅಂದ್ರು, "ಏನರೆ ಅನ್ರಿ ಅಕ್ಕಾರ, ಕುರ್ಚಿ ಭಾಳ ಸುಖ ಅದ. ಎರಡು ತಾಸು ಕುಂತ್ರೂ ಟೊಂಕ ಹಿಡೀಲಿಲ್ಲ. ನಿಮ್ಮದು ಪೂರಾ ಆರಾಮ ಆದ ಮ್ಯಾಲೆ ಇದನ್ನ ನಮಗ ಕೊಡ್ರಿ. ಊರಾಗ ಪಂಚಾಯ್ತಿ ಕುಂದರೋವಾಗ ಕಟ್ಟಿ ಮ್ಯಾಲೆ ಹಾಕ್ಕೊಂಡು ಕುಂದರ್ತೇನಿ."

ಅವರ ಬಸ್ಸು ಹೋಗೋತನಕ ನಾವಿಬ್ಬರೂ ತಡದ್ವಿ. ಆಮ್ಯಾಲೆ ಸೊಸಿ ನನ್ನ ಖಾಟ್ ಮ್ಯಾಲೆ ಬಿದ್ದು, ನನ್ನ ತೊಡಿ ಮ್ಯಾಲೆ, ಛಲೋ ಕಾಲಿನ ಕಡೆ ನೋಡಿಕೊಂಡೇ, ತಲಿ ಇಟ್ಟು ಹೊಟ್ಟಿ ಹಿಡಕೊಂಡು ನಕ್ಕಳು. ಎಂಟು ವರ್ಷದಾಗ ಅಕಿ ನಗೋ ಸಪ್ಪಳಾ ಹಿಂಗದ ಅಂತ ನನಗ ಗೊತ್ತಿದ್ದಿಲ್ಲ.

ಈಗ ಅಕಿ ದಿನಾ ಕಿಣ್ಣಿ ಸುಲ್ತಾನಕ್ಕ ಹೋಗಿ ಬರ್ತಾಳ. ಮಗ ಹಿತ್ತಲದಾಗ ಕಮೋಡ್ ಹಾಕಿಸ್ಯಾನ, ವಾಕರ್ ಹೋಗಿ ಕೈಗೆ ಕೋಲು ಬಂದದ. ಸಂಡಾಸ ಕುರ್ಚಿ ಈಗ ಬೇಕಾಗಿಲ್ಲ. ಆದ್ರ ಸಂಜಿಕ ಸೊಸಿ ಬ್ಯಾಗ್ ಇಳಿಸೋ ಹೊತ್ತಿಗೆ ಸರಿಯಾಗಿ ಬೀಗರ ಫೋನ್ ಬರ್ತದ. ಹ್ಯಾಂಗದೀರಿ ಅಕ್ಕಾರ, ಪೂರಾ ಆರಾಮ ಆತೇನ್ರಿ ಅಂತ ಕೇಳ್ತಾರ. ನಾ ಸೊಸಿ ಮಾರಿ ನೋಡ್ತೇನಿ. ಅಕಿ ಬಾಯಾಗ ಸೆರಗು ತುರಕ್ಕೊಂಡು ಗ್ವಾಡಿ ಕಡೆ ತಿರುಗಿ ನಿಂದರ್ತಾಳ.

"ಎಲ್ಲಿ ಆರಾಮ ಬೀಗರ" ಅಂತೇನಿ, "ಇನ್ನಾ ಭಾಳ ನೋಯ್ತದ್ರಿ."